ಒಳಗಿನಿಂದ ತೆರೆಯುವುದು ಗೊತ್ತಿರಲಿ

ಅರಸೀಕೆರೆಯ ಮದುವೆ ಛತ್ರವೊಂದರ ಮುಂದೆ ನಡೆದದ್ದು. ಊಟ ಮುಗಿಸಿ ಹೊರಡುವ ಹೊತ್ತು, ಮಟಮಟ ಮಧ್ಯಾಹ್ನ. ನನ್ನ ತಂಗಿ ತನ್ನ ಮೂರು ವರ್ಷದ ಮಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ತಾಂಬೂಲದ ಚೀಲ ತರಲು ಹತ್ತು ಹೆಜ್ಜೆ ಆಚೆ ಹೋದಳು. ಕೀ ಡ್ರೈವರ್ ಸೀಟಿನ ಮೇಲೇ ಇತ್ತು. ಮಗು ಮುಂದಕ್ಕೆ ಬಾಗಿ ಅದನ್ನೆತ್ತಿಕೊಂಡು ಗುಂಡಿ ಒತ್ತಿತು. ಟಕ್ ಎಂದು ನಾಲ್ಕೂ ಬಾಗಿಲು ಲಾಕ್ ಆದವು. ಗ್ಲಾಸುಗಳೆಲ್ಲ ಏರಿಸಿದ್ದವು.

ಆಮೇಲೆ ಹೊರಗಿದ್ದವರದೆಲ್ಲ ಕೂಗಾಟ. "ಗುಂಡಿ ಒತ್ತು ಕಂದಾ", "ಹ್ಯಾಂಡಲ್ ಎಳಿ ಪುಟ್ಟಿ", "ಆ ಕಡೆ ಹೋಗು" ಎಂದು ಏಳೆಂಟು ಜನ ಒಟ್ಟಿಗೇ ಗಾಜು ಬಡಿದರು. ಮಗು ಗಾಬರಿಯಾಗಿ ಕೀ ಕೆಳಗೆ ಹಾಕಿ ಅಳಲು ಶುರುಮಾಡಿತು. ಅದು ಹಿಂದಿನ ಬಾಗಿಲಿನ ಹ್ಯಾಂಡಲ್ ಎಳೆದರೂ ಉಪಯೋಗವಿರಲಿಲ್ಲ. ಚೈಲ್ಡ್ ಲಾಕ್ ಹಾಕಿತ್ತು. ಕೊನೆಗೆ ಹೆಣ್ಣಿನ ಕಡೆಯವರ ವ್ಯಾನ್ ಓಡಿಸಿಕೊಂಡು ಬಂದಿದ್ದ ಡ್ರೈವರ್ ವೀಲ್ ಸ್ಪಾನರ್ ತಂದು, ಮಗು ಕೂತ ಕಡೆ ಬಿಟ್ಟು, ಮುಂದಿನ ಎಡಗಡೆಯ ಗ್ಲಾಸಿನ ಮೂಲೆಗೆ ಚೂಪು ತುದಿಯಿಂದ ಹೊಡೆದ. ಎಲ್ಲ ಸೇರಿ ಹತ್ತು ನಿಮಿಷವಾಗಿರಬಹುದು. ಮಗುವಿನ ಅಂಗಿ ಬೆವರಿನಿಂದ ಹಿಂಡುವಷ್ಟು ಒದ್ದೆಯಾಗಿತ್ತು.

ಆ ಸಂಜೆ ತಂಗಿ ಕೇಳಿದಳು: "ಚೈಲ್ಡ್ ಲಾಕ್ ಹಾಕಿದ್ದೇ ತಪ್ಪಾಯ್ತಾ ಅಣ್ಣಾ?"

ತಪ್ಪಲ್ಲ. ಆದರೆ ಬಾಗಿಲು ಹಾಕುವುದನ್ನು ಕಲಿತಷ್ಟು ಶ್ರದ್ಧೆಯಿಂದ, ಬೇಕಾದಾಗ ಅದನ್ನು ಒಳಗಿನಿಂದ ತೆರೆಯುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿತಿರಲಿಲ್ಲ. ಬಹಳ ಮನೆಗಳಲ್ಲಿ ಹೀಗೇ ಇದೆ ಎಂಬ ಕಳವಳದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಚೈಲ್ಡ್ ಲಾಕ್ ಮತ್ತು ಸೆಂಟ್ರಲ್ ಲಾಕ್

ಇವೆರಡೂ ಒಂದೇ ಎಂದು ಅನೇಕರು ತಿಳಿದಿದ್ದಾರೆ. ಚೈಲ್ಡ್ ಲಾಕ್ ಇರುವುದು ಹಿಂದಿನ ಎರಡು ಬಾಗಿಲುಗಳಿಗೆ ಮಾತ್ರ. ಬಾಗಿಲು ತೆರೆದು ಅದರ ಅಂಚು ನೋಡಿ. ಕೊಂಡಿಯ ಹತ್ತಿರ ಒಂದು ಪುಟ್ಟ ಲಿವರ್, ಅಥವಾ ಕೀಯ ತುದಿಯಿಂದ ತಿರುಗಿಸುವ ಸೀಳು ಇರುತ್ತದೆ. ಅದನ್ನು ಹಾಕಿದರೆ ಒಳಗಿನ ಹ್ಯಾಂಡಲ್ ಕೆಲಸ ಮಾಡುವುದಿಲ್ಲ, ಹೊರಗಿನದು ಮಾಡುತ್ತದೆ. ಎಡಬಲ ಎರಡಕ್ಕೂ ಬೇರೆಬೇರೆಯಾಗಿಯೇ ಹಾಕಬೇಕು. ಕೆಲವು ಹೊಸ ಕಾರುಗಳಲ್ಲಿ ಮಾತ್ರ ಡ್ರೈವರ್ ಕಡೆಯ ಗುಂಡಿಯಿಂದ ಇದು ನಡೆಯುತ್ತದೆ. ಹಾಕಿದ ಮೇಲೆ ಪರೀಕ್ಷೆ ಮಾಡಲು ಒಳಗೆ ಕೂತು ಬಾಗಿಲು ಹಾಕಿಕೊಳ್ಳಬೇಕಿಲ್ಲ. ಗ್ಲಾಸ್ ಇಳಿಸಿ, ಹೊರಗೆ ನಿಂತು ಬಾಗಿಲು ಹಾಕಿ, ಕೈ ಒಳಗೆ ಚಾಚಿ ಹ್ಯಾಂಡಲ್ ಎಳೆದರೆ ಗೊತ್ತಾಗುತ್ತದೆ. ಕಾರು ತೊಳೆಸಿದ ಮೇಲೊಮ್ಮೆ ನೋಡುವುದು ಒಳ್ಳೆಯದು. ಅಂಚು ಒರೆಸುವಾಗ ಬಟ್ಟೆಗೆ ಸಿಕ್ಕಿ ಆ ಲಿವರ್ ಸರಿಯಬಹುದು.

ಚಿಕ್ಕ ಮಕ್ಕಳಿದ್ದರೆ ಚೈಲ್ಡ್ ಲಾಕ್ ಬೇಕೇ ಬೇಕು. ಓಡುವ ಕಾರಿನ ಬಾಗಿಲನ್ನು ಮಗು ತೆರೆದರೆ ತಡೆಯಲು ಯಾರ ಕೈಯೂ ಮುಟ್ಟುವುದಿಲ್ಲ. ಆದರೆ ಹಿಂದೆ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಕೂತಿರುವಾಗ ಅದನ್ನು ತೆಗೆದಿಡಿ ಎನ್ನುತ್ತೇನೆ. ಮುಂದೆ ಕೂತವರಿಗೆ ಏನಾದರೂ ಆದರೆ ಅವರು ತಾವಾಗಿಯೇ ಇಳಿಯುವಂತಿರಬೇಕು. ರಾತ್ರಿ ಒಬ್ಬರೇ ಟ್ಯಾಕ್ಸಿ ಹತ್ತುವವರೂ ಬಾಗಿಲಿನ ಅಂಚಿನ ಮೇಲೊಮ್ಮೆ ಕಣ್ಣು ಹಾಯಿಸಲಿ. ಲಾಕ್ ಹಾಕಿದ್ದರೆ ತೆಗೆಯಲು ಡ್ರೈವರ್‌ಗೆ ಹೇಳಲು ಸಂಕೋಚ ಬೇಡ.

ಸೆಂಟ್ರಲ್ ಲಾಕ್‌ನ ವಿಷಯ ಬೇರೆ. ಒಂದು ಗುಂಡಿ ಒತ್ತಿದರೆ ಎಲ್ಲ ಬಾಗಿಲೂ ಒಟ್ಟಿಗೆ ಬೀಳುವುದು, ತೆರೆಯುವುದು ವಿದ್ಯುತ್ತಿನಿಂದ. ಬ್ಯಾಟರಿ ಸತ್ತರೆ, ವೈರಿಂಗ್ ಸುಟ್ಟರೆ, ನೀರು ನುಗ್ಗಿದರೆ ಗುಂಡಿ ಕೈಕೊಡಬಹುದು. ಅದಕ್ಕೇ ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ, ಸೆಂಟ್ರಲ್ ಲಾಕ್ ಇರುವ ಹೊಸ ಕಾರುಗಳಲ್ಲಿ ವಿದ್ಯುತ್ ಇಲ್ಲದೆಯೂ ಕೈಯಿಂದಲೇ ಬಾಗಿಲು ತೆರೆಯುವ ವ್ಯವಸ್ಥೆ ಇರಲೇಬೇಕೆಂದು ಕಡ್ಡಾಯವಾಯಿತು. ಕೆಲವು ಕಾರುಗಳಲ್ಲಿ ಒಳಗಿನ ಹ್ಯಾಂಡಲ್ ಒಮ್ಮೆ ಎಳೆದರೆ ಲಾಕ್ ಬಿಡುತ್ತದೆ, ಎರಡನೇ ಸಲ ಎಳೆದರೆ ಬಾಗಿಲು ತೆರೆಯುತ್ತದೆ. ಕೆಲವದರಲ್ಲಿ ಒಂದೇ ಸಲಕ್ಕೆ ತೆರೆಯುತ್ತದೆ. ಇನ್ನು ಕೆಲವದರಲ್ಲಿ ಹ್ಯಾಂಡಲ್ ಪಕ್ಕದ ಪುಟ್ಟ ಗುಬುಟನ್ನು ಮೊದಲು ಎಳೆಯಬೇಕು. ನಿಮ್ಮ ಕಾರಿನದು ಯಾವ ಬಗೆ? ಓಡಿಸುವವರಿಗಷ್ಟೇ ಅಲ್ಲ, ಪಕ್ಕದಲ್ಲಿ, ಹಿಂದೆ ಕೂರುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಒಂದು ಸಲ ಎಳೆದು ತೆರೆಯದಿದ್ದಾಗ "ಅಯ್ಯೋ, ಲಾಕ್ ಆಗಿದೆ" ಎಂದು ಕೈಬಿಟ್ಟು ಕೂರುವವರೇ ಹೆಚ್ಚು. ಇನ್ನೊಂದು ಸಲ ಎಳೆಯಬೇಕು ಎಂಬಷ್ಟೇ ತಿಳಿವಳಿಕೆ ಅಲ್ಲಿ ಜೀವ ಉಳಿಸುತ್ತದೆ.

ಕೆಲವು ವಿದೇಶಿ ಕಂಪನಿಗಳ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ರಿಮೋಟನ್ನು ಬೇಗಬೇಗ ಎರಡು ಸಲ ಒತ್ತಿದರೆ, ಕಳ್ಳರು ಗಾಜು ಒಡೆದು ಕೈ ಹಾಕಿದರೂ ತೆರೆಯಬಾರದೆಂದು, ಒಳಗಿನ ಹ್ಯಾಂಡಲ್‌ಗಳೆಲ್ಲ ನಿಷ್ಕ್ರಿಯವಾಗುತ್ತವೆ. ಒಳಗೆ ಯಾರಾದರೂ ಇರುವಾಗ ಹಾಗೆ ಮಾಡಲೇಬಾರದು. ನಿಮ್ಮ ಕಾರಿನಲ್ಲಿ ಈ ಸೌಲಭ್ಯ ಇದೆಯೇ ಎಂದು ಮಾಲೀಕರ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಹಾಗೆಂದು ಓಡುವಾಗ ಲಾಕ್ ಹಾಕುವುದನ್ನು ಬಿಡಬೇಡಿ. ಆದರೆ ಮೊದಲು ಬಾಗಿಲು ಪೂರ್ತಿ ಮುಚ್ಚಿರಬೇಕು. ಅದರ ಕೊಂಡಿ ಎರಡು ಹಂತದಲ್ಲಿ ಹಿಡಿಯುತ್ತದೆ. ಮೆಲ್ಲಗೆ ಹಾಕಿದಾಗ ಮೊದಲ ಹಂತದಲ್ಲೇ ನಿಂತು, ಮುಚ್ಚಿದಂತೆ ಕಾಣುತ್ತಾ ಸಡಿಲವಾಗಿಯೇ ಇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಬಾಗಿಲು ತೆರೆದ ಚಿತ್ರದ ಕೆಂಪು ದೀಪ ಉರಿದರೆ, ಚಲಿಸುತ್ತಲೇ ತೆರೆದು ಬಡಿಯುವ ಅಭ್ಯಾಸ ಬಿಟ್ಟು, ಕಾರು ನಿಲ್ಲಿಸಿ ಹಾಕಿ. ಸೀರೆಯ ಸೆರಗು, ದುಪಟ್ಟಾ ಹೊರಗೆ ಸಿಕ್ಕಿಕೊಂಡಿದೆಯೇ ಎಂಬುದನ್ನೂ ಆಗಲೇ ನೋಡಿ.

ನಿಂತ ಕಾರು ಆಟದ ಮನೆಯಲ್ಲ

2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಜಿಲ್ಲೆಯ ದ್ವಾರಪುಡಿಯಲ್ಲಿ ಆಟವಾಡಲು ಹೋದ ನಾಲ್ಕು ಮಕ್ಕಳು ನಿಂತಿದ್ದ ಕಾರಿನೊಳಗೆ ಸಿಕ್ಕಿ ಸತ್ತರು. ಯಾರೂ ಅವರನ್ನು ಕೂಡಿಹಾಕಿರಲಿಲ್ಲ. ಲಾಕ್ ಮಾಡದೆ ನಿಲ್ಲಿಸಿದ ಕಾರಿಗೆ ಮಕ್ಕಳು ಹತ್ತುತ್ತಾರೆ, ಬಾಗಿಲು ಬೀಳುತ್ತದೆ, ತೆರೆಯಲು ಬರುವುದಿಲ್ಲ. ಬೇಸಿಗೆ ರಜೆಯಲ್ಲಿ ಇಂಥ ಸುದ್ದಿ ಮತ್ತೆ ಮತ್ತೆ ಓದುತ್ತೇವೆ.

ಇಲ್ಲಿ ಕೊಲ್ಲುವುದು ಮುಖ್ಯವಾಗಿ ಶಾಖ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹೊರಗೆ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ದಿನಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿಯಷ್ಟು ಏರಿತು. ಅದರ ಶೇ. 80ರಷ್ಟು ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಗ್ಲಾಸನ್ನು ಸ್ವಲ್ಪ ಇಳಿಸಿಟ್ಟಾಗಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ರಾಯಚೂರು, ಕಲಬುರಗಿಯ ಬಿಸಿಲಿನ ಮಾತು ಹಾಗಿರಲಿ, ಮೈಸೂರಿನ 30 ಡಿಗ್ರಿಯೇ ಸಾಕು, ಒಳಗೆ 50 ದಾಟಲು. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯೇರುತ್ತದೆ. "ಮೆಡಿಕಲ್ ಸ್ಟೋರಿಗೆ ಹೋಗಿ ಬರ್ತೀನಿ, ಮಗು ಮಲಗಿದೆ, ಎಬ್ಬಿಸೋದು ಬೇಡ" ಎನ್ನುವ ಐದು ನಿಮಿಷ ಕ್ಯೂ ಇದ್ದರೆ ಇಪ್ಪತ್ತಾಗುತ್ತದೆ. ಎಬ್ಬಿಸಿ ಎತ್ತಿಕೊಂಡೇ ಹೋಗಿ.

ಮನೆ ಮುಂದೆ ನಿಂತ ಕಾರನ್ನೂ ಲಾಕ್ ಮಾಡಿ, ಕೀಯನ್ನು ಮಕ್ಕಳಿಗೆ ಎಟುಕದ ಮೊಳೆಗೆ ಹಾಕಿ. ಮಕ್ಕಳು ಕಾಣುತ್ತಿಲ್ಲ ಎಂದಾದರೆ ಬಾವಿ, ಸಂಪಿನ ಜೊತೆಗೆ ಕಾರು ಮತ್ತು ಅದರ ಡಿಕ್ಕಿಯನ್ನೂ ಮೊದಲೇ ನೋಡಿ. ಹಿಂದೆ ಮಗು ಮಲಗಿರುವಾಗ ಒಬ್ಬರೇ ಓಡಿಸುತ್ತಿದ್ದರೆ ನಿಮ್ಮ ಫೋನು, ಕೈಚೀಲವನ್ನು ಹಿಂದಿನ ಸೀಟಿನಲ್ಲೇ ಇಡಿ. ಅದನ್ನು ತೆಗೆದುಕೊಳ್ಳಲಾದರೂ ಹಿಂದಿನ ಬಾಗಿಲು ತೆರೆಯುತ್ತೀರಿ. ಆಯಾಸದಲ್ಲಿ ಮರೆವು ಎಂಥ ಪ್ರೀತಿಯ ತಂದೆ ತಾಯಿಗೂ ಬರುತ್ತದೆ.

ಮಗು ಸಿಕ್ಕಿಕೊಂಡರೆ ಒಬ್ಬರೇ ಮಾತಾಡಿ, ನಗುಮುಖದಿಂದ. ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಬಿಸಿಲಿದ್ದರೆ ಕೀ ಮಾಡುವವನಿಗಾಗಿ ಕಾಯುವುದು ಬೇಡ. ಮಗುವಿನಿಂದ ದೂರದ ಗ್ಲಾಸನ್ನು ಮೂಲೆಗೆ ಹೊಡೆದು ಒಡೆಯಿರಿ. ಗ್ಲಾಸಿನ ಖರ್ಚನ್ನು ಆಮೇಲೆ ಲೆಕ್ಕ ಹಾಕಬಹುದು. ಹೊರತಂದ ಮಗುವನ್ನು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿ, ಗಾಳಿ ಹಾಕಿ. ತೂಕಡಿಸುತ್ತಿದ್ದರೆ, ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ನೀರು ಹಾಕದೆ 108 ಆಂಬ್ಯುಲೆನ್ಸ್ ಕರೆಸಿ.

ಗ್ಲಾಸ್ ಏರಿಸುವ ಗುಂಡಿ

ಹಿಂದೆ ಕೈಯಲ್ಲಿ ತಿರುಗಿಸಿ ಗ್ಲಾಸ್ ಏರಿಸುತ್ತಿದ್ದಾಗ ಏನಾದರೂ ಸಿಕ್ಕಿಕೊಂಡರೆ ಕೈಗೇ ತಿಳಿಯುತ್ತಿತ್ತು. ಪವರ್ ವಿಂಡೋದ ಮೋಟರಿಗೆ ಆ ಸ್ಪರ್ಶವಿಲ್ಲ. ಮಗುವಿನ ಬೆರಳು, ಹೊರಗೆ ಹಾಕಿದ ಕತ್ತು ಯಾವುದನ್ನೂ ಅದು ಬೇರೆ ಮಾಡಿ ನೋಡುವುದಿಲ್ಲ. ಅಡ್ಡ ಸಿಕ್ಕರೆ ಹಿಂದಿರುಗುವ ಆಂಟಿ ಪಿಂಚ್ ವ್ಯವಸ್ಥೆ ಇದೆಯಲ್ಲ ಎನ್ನುತ್ತೀರಿ. ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರುಗಳಲ್ಲಿ ಅದು ಇರುವುದು ಡ್ರೈವರ್ ಗ್ಲಾಸಿಗೆ ಮಾತ್ರ, ಮಕ್ಕಳು ಕೂರುವ ಹಿಂದಿನ ಗ್ಲಾಸುಗಳಿಗಲ್ಲ. ಇದ್ದರೂ ಅದಕ್ಕೊಂದು ಮಿತಿಯಿದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಗ್ಲಾಸು 100 ನ್ಯೂಟನ್, ಅಂದರೆ ಸುಮಾರು 10 ಕೆ.ಜಿ. ಭಾರದಷ್ಟು ಒತ್ತುವ ಮೊದಲು ಹಿಂದಿರುಗಬೇಕು. ಆ ಪರೀಕ್ಷೆಯೂ 4 ಮಿಲಿಮೀಟರಿನಿಂದ 200 ಮಿಲಿಮೀಟರಿನವರೆಗಿನ ಸಂದಿಗಷ್ಟೇ. ಪೂರ್ತಿ ಮುಚ್ಚುವ ಕೊನೆಯ 4 ಮಿಲಿಮೀಟರಿನಲ್ಲಿ ಆ ಭರವಸೆ ಇಲ್ಲ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಅನೇಕ ಕಾರುಗಳಲ್ಲಿ ಈ ವ್ಯವಸ್ಥೆ ತನ್ನ ಅಳತೆಯನ್ನೇ ಮರೆತಿರುತ್ತದೆ. ಗ್ಲಾಸನ್ನು ಪೂರ್ತಿ ಏರಿಸಿ ಗುಂಡಿಯನ್ನು ಕೆಲವು ಸೆಕೆಂಡು ಹಿಡಿದು ಅದನ್ನು ಮತ್ತೆ ಹೊಂದಿಸಬೇಕು. ನಿಮ್ಮ ಕಾರಿನ ಕ್ರಮವನ್ನು ಮೆಕ್ಯಾನಿಕ್‌ನಿಂದ ಕೇಳಿಕೊಳ್ಳಿ. ಅದು ಕೆಲಸ ಮಾಡುತ್ತದೆಯೇ ಎಂದು ಕೈ ಇಟ್ಟು ನೋಡಬೇಡಿ. ಸುರುಳಿ ಸುತ್ತಿದ ಟವಲ್ ಸಾಕು.

ಡ್ರೈವರ್ ಕಡೆ ಗ್ಲಾಸುಗಳ ಗುಂಡಿಗಳ ಜೊತೆಗೇ ವಿಂಡೋ ಲಾಕ್ ಗುಂಡಿ ಇರುತ್ತದೆ. ಮಕ್ಕಳಿರುವಾಗ ಅದು ಒತ್ತಿಯೇ ಇರಲಿ. ಗ್ಲಾಸ್ ಏರಿಸುವ ಮುನ್ನ "ಕೈ ತೆಗೀರಿ" ಎಂದು ಬಾಯಿಬಿಟ್ಟು ಹೇಳಿ, ಕನ್ನಡಿಯಲ್ಲಿ ನೋಡಿ, ಆಮೇಲೆ ಏರಿಸಿ. ಒಂದೇ ಒತ್ತಿಗೆ ತಾನಾಗಿ ಏರುವ ಸೌಲಭ್ಯವನ್ನು ಮಕ್ಕಳಿರುವಾಗ ಬಳಸದಿರುವುದೇ ಮೇಲು.

ಸನ್‌ರೂಫ್‌ನಿಂದ ಮಕ್ಕಳನ್ನು ನಿಲ್ಲಿಸುವುದಂತೂ ಕೂಡದು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಾಗೆ ನಿಂತಿದ್ದ ಹುಡುಗನ ತಲೆ, ಎತ್ತರದ ವಾಹನ ತಡೆಯಲು ರಸ್ತೆಗೆ ಅಡ್ಡ ಹಾಕಿದ್ದ ಕಬ್ಬಿಣದ ತೊಲೆಗೆ ಬಡಿಯಿತು. ಮಗು ಸಂತೋಷಪಡುತ್ತದೆ ನಿಜ, ಆದರೆ ಬ್ರೇಕ್ ಹಾಕಿದರೆ ಅದನ್ನು ಹಿಡಿಯಲು ಅಲ್ಲಿ ಬೆಲ್ಟ್ ಇಲ್ಲ.

ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸುವವರಿಗೂ ಒಂದು ಮಾತು. 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಎತ್ತಿಹಿಡಿದ ನಿಯಮದಂತೆ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದ ಗಾಜುಗಳಲ್ಲಿ ಶೇ. 50ರಷ್ಟು ಬೆಳಕು ಹಾಯಬೇಕು. ದಂಡಕ್ಕಿಂತ ನನಗೆ ಕಾಣುವ ಕಾರಣ ಬೇರೆ. ಕಪ್ಪು ಗಾಜಿನ ಹಿಂದೆ ಸಿಕ್ಕಿಕೊಂಡ ಮಗು ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ.

ಎಡಗಡೆ ಇಳಿಯುವುದೂ ಸುರಕ್ಷಿತವಲ್ಲ

"ಎಡಗಡೆಯಿಂದ ಇಳೀರಿ, ಆ ಕಡೆ ವಾಹನ ಬರಲ್ಲ" ಎಂದು ನಮ್ಮ ಹಿರಿಯರು ಕಲಿಸಿದರು. ಈಗ ಟ್ರಾಫಿಕ್ಕಿನಲ್ಲಿ ನಿಂತ ಕಾರಿಗೂ ಫುಟ್‌ಪಾತಿಗೂ ನಡುವಿನ ಮೂರಡಿ ಜಾಗದಲ್ಲೇ ಸ್ಕೂಟರುಗಳು, ಊಟ ತಲುಪಿಸುವ ಹುಡುಗರ ಬೈಕುಗಳು ನುಗ್ಗುತ್ತವೆ. ಸಿಗ್ನಲ್ಲಿನಲ್ಲಿ "ಇಲ್ಲೇ ಇಳ್ಕೊತೀನಿ" ಎಂದು ಫಕ್ಕನೆ ಬಾಗಿಲು ತೆರೆದರೆ, ಅದರ ಚೂಪು ಅಂಚು ಬೈಕಿನವನ ಎದೆಯ ಮಟ್ಟಕ್ಕೇ ಇರುತ್ತದೆ. ಅವನು ತಪ್ಪಿಸಿಕೊಳ್ಳಲು ವಾಲಿದರೆ ಪಕ್ಕದ ಬಸ್ಸಿನ ಚಕ್ರ.

ಇದಕ್ಕೆ ಸೈಕಲ್ಲುಗಳ ನಾಡಾದ ನೆದರ್ಲೆಂಡ್ಸಿನ ಹೆಸರಿನಿಂದ ಪ್ರಸಿದ್ಧವಾದ ಸರಳ ಉಪಾಯವಿದೆ. ಬಾಗಿಲಿಗೆ ಹತ್ತಿರದ ಕೈಯಿಂದ ತೆರೆಯದೆ ದೂರದ ಕೈಯಿಂದ ತೆರೆಯುವುದು. ಡ್ರೈವರ್ ಎಡಗೈಯಿಂದ, ಎಡಗಡೆ ಕೂತವರು ಬಲಗೈಯಿಂದ. ಹಾಗೆ ಕೈ ಚಾಚಿದಾಗ ಮೈ ತಾನಾಗಿಯೇ ತಿರುಗಿ, ಕಣ್ಣು ಕನ್ನಡಿಯತ್ತ, ಹಿಂದಿನ ರಸ್ತೆಯತ್ತ ಹೋಗುತ್ತದೆ. ಬ್ರಿಟನ್ 2022ರಲ್ಲಿ ಇದನ್ನು ತನ್ನ ರಸ್ತೆ ನಿಯಮಗಳ ಪುಸ್ತಕಕ್ಕೇ ಸೇರಿಸಿತು. ಮೊದಲು ಒಂದು ಗೇಣು ತೆರೆದು ನಿಲ್ಲಿಸಿ, ನೋಡಿ, ಆಮೇಲೆ ಪೂರ್ತಿ ತೆರೆಯಿರಿ. ಮಡಿಕೇರಿ, ಆಗುಂಬೆಯ ಇಳಿಜಾರಿನಲ್ಲಿ, ಗಾಳಿ ಬೀಸುವ ಬೆಟ್ಟದ ಮೇಲೆ ಬಾಗಿಲು ಕೈತಪ್ಪಿ ಬೀಸುತ್ತದೆ. ಹ್ಯಾಂಡಲ್ ಬಿಡದೆ ಹಿಡಿದೇ ಇಳಿಯಿರಿ.

ಡಿಕ್ಕಿ

ಹ್ಯಾಚ್‌ಬ್ಯಾಕ್, ಎಸ್‌ಯುವಿಗಳ ಡಿಕ್ಕಿ ಬಾಗಿಲನ್ನು ಮೇಲೆ ಹಿಡಿದಿಡುವುದು ಗ್ಯಾಸ್ ತುಂಬಿದ ಎರಡು ಕೊಳವೆಗಳು; ಗ್ಯಾರೇಜಿನಲ್ಲಿ ಡಿಕ್ಕಿ ಶಾಕ್ ಎನ್ನುತ್ತಾರೆ. ವರ್ಷ ಕಳೆದಂತೆ ಗ್ಯಾಸ್ ಸೋರಿ ಸೋಲುತ್ತವೆ. ಬಾಗಿಲು ತಾನಾಗಿ ಮೇಲೇರುತ್ತಿಲ್ಲ, ಮೆಲ್ಲಗೆ ಕೆಳಗಿಳಿಯುತ್ತಿದೆ ಎಂದರೆ, ಯಾರದಾದರೂ ತಲೆಯ ಮೇಲೆ ಬೀಳುವ ಮುನ್ನ ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದನ್ನು ಬಿಚ್ಚಿ ನೋಡಲು, ಬೆಂಕಿಗೆ ಹಾಕಲು ಹೋಗಬೇಡಿ. ಒಳಗೆ ಭಾರಿ ಒತ್ತಡದ ಗ್ಯಾಸ್ ಉಳಿದಿರಬಹುದು.

ಗೌರಿ ಹಬ್ಬಕ್ಕೆ, ಆಯುಧಪೂಜೆಗೆ ಬಾಳೆಕಂದು, ಕಬ್ಬಿನ ಜಲ್ಲೆ ತುಂಬಿ, ಡಿಕ್ಕಿ ಮುಚ್ಚದೆ ಹಗ್ಗ ಕಟ್ಟಿಕೊಂಡು ಬರುವುದು ನಮ್ಮಲ್ಲಿ ಸಾಮಾನ್ಯ. ಓಡುವ ಕಾರಿನ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಸೈಲೆನ್ಸರ್ ಹೊಗೆ ಆ ಸುಳಿಗೆ ಸಿಕ್ಕಿ ತೆರೆದ ಡಿಕ್ಕಿಯಿಂದ ಒಳಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದರೆ ಬಿಸಿಲಿನದೆಂದೇ ಭಾವಿಸುತ್ತೇವೆ, ಹಿಂದೆ ಮಲಗಿದ ಮಗುವಂತೂ ಏನೂ ಹೇಳುವುದಿಲ್ಲ. ಉದ್ದನೆಯ ಸಾಮಾನಿಗೆ ಗೂಡ್ಸ್ ಆಟೊ ಮಾಡಿ. ಅನಿವಾರ್ಯವಾದರೆ ಸ್ವಲ್ಪ ದೂರಕ್ಕಷ್ಟೇ, ಹಿಂದೆ ಯಾರನ್ನೂ ಕೂರಿಸದೆ, ಮುಂದಿನ ಗ್ಲಾಸು ಇಳಿಸಿ, ಹೊರಗಿನ ಗಾಳಿ ಒಳಬರುವಂತೆ ಬ್ಲೋವರ್ ಹಾಕಿಕೊಂಡು ಬನ್ನಿ. ಡಿಕ್ಕಿಯಲ್ಲಿ ಮಕ್ಕಳು ಕಾಲು ಇಳಿಬಿಟ್ಟು ಕೂತು ಬರುವುದಂತೂ ಬೇಡ.

ಅಮೆರಿಕದಲ್ಲಿ 2001ರ ಸೆಪ್ಟೆಂಬರ್‌ನಿಂದ ತಯಾರಾದ ಕಾರುಗಳ ಮುಚ್ಚಿದ ಡಿಕ್ಕಿಯೊಳಗೆ, ಕತ್ತಲಲ್ಲೂ ಹೊಳೆಯುವ, ಎಳೆದರೆ ತೆರೆಯುವ ಹಿಡಿ ಕಡ್ಡಾಯ. ನಮ್ಮಲ್ಲಿ ಎಲ್ಲ ಸೆಡಾನ್‌ಗಳಲ್ಲಿ ಅದಿಲ್ಲ. ನಿಮ್ಮದರಲ್ಲಿದ್ದರೆ ಮಕ್ಕಳಿಗೆ ತೋರಿಸಿ. ಮೂರನೇ ಸಾಲಿನ ಸೀಟಿರುವ ಗಾಡಿಗಳಲ್ಲಿ ಹಿಂದೆ ಕೂತವರಿಗೆ ತಮ್ಮದೇ ಬಾಗಿಲಿಲ್ಲ. ಮುಂದಿನ ಸೀಟನ್ನು ಮಡಚುವ ಲಿವರ್ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರಬೇಕು. ಕೆಲವು ಗಾಡಿಗಳಲ್ಲಿ ಡಿಕ್ಕಿ ಬಾಗಿಲಿನ ಒಳಮೈಯಲ್ಲಿ ಪುಟ್ಟ ಮುಚ್ಚಳವಿದ್ದು, ಅದರ ಹಿಂದಿನ ಲಿವರ್ ಸರಿಸಿದರೆ ತೆರೆಯುತ್ತದೆ.

ನೀರು ನುಗ್ಗಿದಾಗ

2023ರ ಮೇ 21ರ ಮಳೆಯಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರಿಗೆ ಸಿಕ್ಕಿದ ಕಾರಿನಲ್ಲಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ವಿಧಾನಸೌಧದ ಹತ್ತಿರದಲ್ಲೇ, ಹಗಲು ಹೊತ್ತಿನಲ್ಲಿ. ಅಂದಿನಿಂದ ಮಳೆ ಬಂದಾಗೆಲ್ಲ ನನಗೆ ಆ ಅಂಡರ್‌ಪಾಸ್ ನೆನಪಾಗುತ್ತದೆ.

ನೀರಿನೊಳಗೆ ಬಾಗಿಲು ಏಕೆ ತೆರೆಯುವುದಿಲ್ಲ? ಹೊರಗೆ ಬಾಗಿಲಿನ ಅರ್ಧ ಮೀಟರ್ ಎತ್ತರಕ್ಕೆ ನೀರು ನಿಂತು ಒಳಗೆ ಇನ್ನೂ ಇಲ್ಲವಾದರೆ, ಒಂದು ಮೀಟರ್ ಅಗಲದ ಬಾಗಿಲನ್ನು ಅದು ಸುಮಾರು 125 ಕೆ.ಜಿ. ಭಾರದಷ್ಟು ಒಳಕ್ಕೆ ಒತ್ತಿ ಹಿಡಿದಿರುತ್ತದೆ. ನೀರು ಇಮ್ಮಡಿ ಎತ್ತರವಾದರೆ ಆ ಭಾರ ನಾಲ್ಮಡಿಯಾಗುತ್ತದೆ. ಲಾಕ್ ಸರಿಯಿದ್ದರೂ ತೋಳಿನ ಬಲ ಸಾಲದು. ಆದ್ದರಿಂದ ಬಾಗಿಲಿನ ಜೊತೆ ಗುದ್ದಾಡುತ್ತಾ ಕೂರದೆ ಗ್ಲಾಸಿನ ಕಡೆ ತಿರುಗಿ. ಎಂಜಿನ್ ನಿಂತು ನೀರು ಏರುತ್ತಿದೆ ಅನ್ನಿಸಿದ ಕ್ಷಣವೇ ಬೆಲ್ಟ್ ಬಿಚ್ಚಿ, ಗ್ಲಾಸ್ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ನೀವೂ ಹೊರಬನ್ನಿ. ನೀರು ಬಂದ ಮೇಲೂ ಪವರ್ ವಿಂಡೋ ಸಾಮಾನ್ಯವಾಗಿ ಸ್ವಲ್ಪ ಹೊತ್ತು ಓಡುತ್ತದೆ. ಆ ಮೊದಲ ಒಂದು ನಿಮಿಷವನ್ನು ಫೋನ್ ಮಾಡಲು, ಸಾಮಾನು ಎತ್ತಿಕೊಳ್ಳಲು ಕಳೆಯಬೇಡಿ.

ಗ್ಲಾಸ್ ಇಳಿಯದಿದ್ದರೆ ಒಡೆಯಬೇಕು. ಮುಂದಿನ ದೊಡ್ಡ ಗಾಜು ಎರಡು ಪದರದ ಲ್ಯಾಮಿನೇಟೆಡ್ ಗಾಜು, ಬಿರುಕು ಬಿಟ್ಟರೂ ಬೀಳುವುದಿಲ್ಲ. ಪಕ್ಕದ್ದು ಸಾಮಾನ್ಯವಾಗಿ ಟೆಂಪರ್ಡ್ ಅಥವಾ ಟಫನ್ಡ್ ಗಾಜು. ಚೂಪು ಏಟು ಬಿದ್ದರೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಈಚೆಗೆ ಕೆಲವು ದುಬಾರಿ ಕಾರುಗಳ ಪಕ್ಕದ ಗಾಜೂ ಲ್ಯಾಮಿನೇಟೆಡ್. ಯಾವುದೆಂದು ಗಾಜಿನ ಮೂಲೆಯ ಮುದ್ರೆಯಲ್ಲಿ ಬರೆದಿರುತ್ತದೆ, ನಾಳೆಯೇ ನೋಡಿ. ಗಾಜು ಒಡೆಯುವ ಚೂಪು ಸುತ್ತಿಗೆಗಳು ಸಿಗುತ್ತವೆ, ಬೆಲ್ಟ್ ಕತ್ತರಿಸುವ ಬ್ಲೇಡು ಕೂಡ ಅದರಲ್ಲೇ ಇರುತ್ತದೆ. ಅದನ್ನು ಕೂತಲ್ಲಿಂದ ಕೈಗೆಟಕುವಲ್ಲಿ ಸಿಕ್ಕಿಸಿಡಿ, ಡಿಕ್ಕಿಯಲ್ಲಿಟ್ಟರೆ ಇದ್ದೂ ಇಲ್ಲದಂತೆ. ಏಟು ಗಾಜಿನ ನಡುವೆ ಬೇಡ, ಮೂಲೆಗೆ ಬೀಳಲಿ. ಹೆಡ್‌ರೆಸ್ಟಿನ ಕಂಬಿಯನ್ನು ಕಿತ್ತು ಒಡೆಯಬಹುದು ಎಂಬ ವಿಡಿಯೊ ನೀವೂ ನೋಡಿರಬಹುದು. ಆ ಕಂಬಿ ಅದಕ್ಕಾಗಿ ಮಾಡಿದ್ದಲ್ಲ. ಬೇರೇನೂ ಇಲ್ಲದಾಗ ಪ್ರಯತ್ನಿಸಿ, ಅದನ್ನೇ ನೆಚ್ಚಿಕೊಳ್ಳಬೇಡಿ.

ಎಲ್ಲಕ್ಕಿಂತ ಮೊದಲು, ಆಳ ಕಾಣದ ನೀರಿಗೆ ಇಳಿಯಬೇಡಿ. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು. ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ನಿಂತುಬಿಡಿ.

ಒಂದು ಭಾನುವಾರ ಬೆಳಿಗ್ಗೆ

ಅರಸೀಕೆರೆಯಿಂದ ಬಂದ ಮುಂದಿನ ಭಾನುವಾರ ನೆರಳಿನಲ್ಲಿ ಕಾರು ನಿಲ್ಲಿಸಿ, ಗ್ಲಾಸುಗಳನ್ನು ಇಳಿಸಿ, ಮನೆಯವರನ್ನೆಲ್ಲ ಕೂರಿಸಿದೆ. ಅಮ್ಮ ಮೊದಲ ಸಲ ಮುಂದಿನ ಬಾಗಿಲಿನ ಹ್ಯಾಂಡಲ್ ಎಳೆದು "ಬರ್ತಿಲ್ಲ ಕಣೋ" ಎಂದರು. ಇನ್ನೊಮ್ಮೆ ಎಳೆದಾಗ ತೆರೆಯಿತು. ಹದಿನೈದು ವರ್ಷದಿಂದ ಕಾರಿನಲ್ಲಿ ಓಡಾಡುತ್ತಿರುವ ಅವರು ಅಂದೇ ಅದನ್ನು ಕಲಿತದ್ದು. ರಿಮೋಟ್ ಸತ್ತರೆ ಅದರ ಹೊಟ್ಟೆಯೊಳಗೆ ಅಡಗಿರುವ ಲೋಹದ ಕೀಯನ್ನು ಎಳೆದು ಡ್ರೈವರ್ ಬಾಗಿಲು ತೆರೆಯುವುದನ್ನು ತಂಗಿಗೆ ತೋರಿಸಿದೆ. ತಂಗಿಯ ಮಗಳಿಗೆ ಎರಡೇ ಪಾಠ: ಹಿಂದಿನ ಬಾಗಿಲು ಬರದಿದ್ದರೆ ಸೀಟುಗಳ ನಡುವಿನಿಂದ ಮುಂದಕ್ಕೆ ಬರುವುದು, ಬಂದು ಸ್ಟಿಯರಿಂಗ್ ನಡುವೆ ಎರಡೂ ಕೈಯಿಂದ ಒತ್ತುವುದು. ಬಹುತೇಕ ಕಾರುಗಳಲ್ಲಿ ಕೀ ಇಲ್ಲದೆಯೂ ಹಾರ್ನ್ ಆಗುತ್ತದೆ.

ಆ ಪುಟ್ಟ ಕೈಗಳಿಗೆ ಮೊದಲು ಬಲ ಸಾಲಲಿಲ್ಲ. ಮೊಣಕಾಲೂರಿ ನಿಂತು ಮೈಭಾರ ಹಾಕಿ ಒತ್ತು ಎಂದೆ. ಎರಡನೇ ಸಲಕ್ಕೆ ಹಾರ್ನ್ ಮೊಳಗಿತು, ಎದುರು ಮನೆಯವರು ಬಾಗಿಲು ತೆರೆದು ಹೊರಗೆ ಬಂದು "ಏನಾಯ್ತು?" ಎಂದು ಕೇಳಿದರು. ಅವರನ್ನೂ ಕರೆದು ತೋರಿಸಿದೆ.